ಪಟೇಲ್ರು ಬ್ಯಾಟಿಂಗ್, ಕುಲಕರ್ಣಿಯೋರು ಬೌಲಿಂಗ್... ಪಿಚ್ ಮಾಡೋರು ಯಾರು?

ಸಿನಿಮಾ ಪತ್ರಿಕೆಯಲ್ಲಿ ಕ್ರಿಕೆಟ್ ಯಾಕಪ್ಪಾ ಅಂತ ಹುಬ್ಬು ಹಾರಿಸಬೇಡಿ ಮಿತ್ರರೇ. ಶುಕ್ರವಾರ ಹೊಸ ಪಿಕ್ಚರಿಗೆ ಮೊದಲ ಷೋ ನುಗ್ಗೋರೂ ನಾವೇ, ಭಾನುವಾರ ಮ್ಯಾಚ್ ನೋಡೋಕೆ ಟಿವಿ ಮುಂದೆ ಮುಕುರೋರೂ ನಾವೇ! ಎರಡು ಕಡೆಯೂ ನಮ್ಮದು ಒಂದೇ ಉದ್ಯೋಗ: ಗೆದ್ದರೆ ಶಿಳ್ಳೆ, ಸೋತರೆ ಬೈಗುಳ. ಹಾಗಾಗಿ ಈ ವಾರ ನಟೀಮಣಿಯರಿಗೆ ರಜೆ. ನಮ್ಮ ಹಂಪಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹಗರಿಬೊಮ್ಮನಹಳ್ಳಿ ಬಸ್ಸು ತಡವಾದಾಗಲೆಲ್ಲಾ ನಡೆಯುವ ಒಂದು ಆಟದ ವಿಷಯ ಹೇಳ್ತೀನಿ, ಕೇಳಿ.

ಈ ಆಟಕ್ಕೆ ಬ್ಯಾಟು ಬೇಡ, ಬಾಲು ಬೇಡ. ಬಾಯಿ ಇದ್ದರೆ ಸಾಕು. ಅದು ನಮ್ಮಲ್ಲಿ ಧಾರಾಳವಾಗಿದೆ!

ಎಲ್ಲಾ ಕಾಲದ ಆಟಗಾರರನ್ನು ಕಲೆಹಾಕಿ ಹನ್ನೊಂದು ಜನರ ಟೀಮ್ ಕಟ್ಟಬೇಕು. 'ಅದರಲ್ಲೇನು ಮಹಾ, ಗವಾಸ್ಕರ್, ತೆಂಡೂಲ್ಕರ್, ವಿಶ್ವನಾಥ್, ಕಪಿಲ್...' ಅಂತ ಶುರು ಹಚ್ಚಿಕೊಂಡಿರಾ? ನಿಲ್ಲಿಸಿ. ಅಂಥ ಟೀಮನ್ನು ಯಾರು ಬೇಕಾದರೂ ಕಟ್ಟುತ್ತಾರೆ. ಎಲ್ಲಾ ಪಿಕ್ಚರಿಗೂ ಅದೇ ಹೀರೋ, ಅದೇ ಫೈಟು ಹಾಕಿದ ಹಾಗೆ. ನಮ್ಮ ಆಟದಲ್ಲಿ ಮೊದಲು ಒಂದು ತಿಕ್ಕಲು ನಿಯಮ ಹಾಕಬೇಕು. ಆ ನಿಯಮಕ್ಕೆ ಕೂಡಿಬಂದವರು ಮಾತ್ರ ಒಳಗೆ. ಸತ್ತವರೂ ಆಡಬಹುದು, ಬದುಕಿದ್ದವರೂ ಆಡಬಹುದು. ಒಬ್ಬ ವಿಕೆಟ್ ಕೀಪರ್ ಇರಲೇಬೇಕು, ಇಪ್ಪತ್ತು ವಿಕೆಟ್ ಕೀಳುವಷ್ಟು ಬೌಲರ್‌ಗಳು ಇರಬೇಕು. ಸೋತವನು ಎಲ್ಲರಿಗೂ ಮಂಡಕ್ಕಿ-ಮಿರ್ಚಿ ಕೊಡಿಸಬೇಕು. ಇಷ್ಟೇ ಕಾನೂನು.

* * *

ಬಣ್ಣ ಹಚ್ಚಿದ ಹನ್ನೊಂದು

ನಿಮ್ಮ ಬಾಯಿ ಚಪಲಕ್ಕೆ ಮೊದಲು ಸಿನಿಮಾದ್ದೇ ಬಡಿಸ್ತೀನಿ. ನಿಯಮ: ಆಟಗಾರ ಬೆಳ್ಳಿತೆರೆಯ ಮೇಲೆ ನಟಿಸಿರಬೇಕು.

ಆರಂಭಕ್ಕೆ ಸುನಿಲ್ ಗವಾಸ್ಕರ್. ಮರಾಠಿಯ 'ಸಾವಲಿ ಪ್ರೇಮಾಚಿ'ಯಲ್ಲಿ ಹೀರೋ ಆಗಿದ್ದವರು. ಜೊತೆಗೆ ಪಾಕಿಸ್ತಾನದ ಮೊಹ್ಸಿನ್ ಖಾನ್. 1982ರಲ್ಲಿ ಲಾರ್ಡ್ಸ್‌ನಲ್ಲಿ ಇನ್ನೂರು ಹೊಡೆದು, ರೀನಾ ರಾಯ್ ಕೈಹಿಡಿದು, 'ಬಟ್ವಾರಾ' (1989), 'ಸಾಥಿ' (1991) ಚಿತ್ರಗಳಲ್ಲಿ ಮೆರೆದ ಆಸಾಮಿ. ಮೂರನೆಯವರು ಸಲೀಂ ದುರಾನಿ. ಜನ 'ಸಿಕ್ಸರ್' ಅಂತ ಕೂಗಿದರೆ ಸಾಕು, ಕೂಗಿದ ಕಡೆಗೇ ಸಿಕ್ಸರ್ ಎತ್ತುತ್ತಿದ್ದರು ಅನ್ನೋ ಖ್ಯಾತಿ ಅವರದು. 1973ರ 'ಚರಿತ್ರ'ದಲ್ಲಿ ಪರ್ವೀನ್ ಬಾಬಿಗೆ ಜೋಡಿ ಅವರೇ. ಆಕೆಗೆ ಅದು ಮೊದಲ ಚಿತ್ರ.

ಆಮೇಲೆ ಸಂದೀಪ್ ಪಾಟೀಲ್, 'ಅನರ್ಥ್' (2002) ಖ್ಯಾತಿಯ ವಿನೋದ್ ಕಾಂಬ್ಳಿ, 'ಖೇಲ್' (2003) ಆಡಿದ ಅಜಯ್ ಜಡೇಜ. ವಿಕೆಟ್ ಹಿಂದೆ ನಮ್ಮ ಸೈಯದ್ ಕಿರ್ಮಾನಿ. 1985ರ 'ಕಭಿ ಅಜ್ನಬೀ ಥೇ'ಯಲ್ಲಿ ಸಂದೀಪ್ ಪಾಟೀಲ್ ಹೀರೋ, ಕಿರ್ಮಾನಿ ವಿಲನ್! ಎರಡು ವರ್ಷ ಹಿಂದೆ ಒಟ್ಟಿಗೆ ವರ್ಲ್ಡ್ ಕಪ್ ಗೆದ್ದವರು ತೆರೆಯ ಮೇಲೆ ಬದ್ಧವೈರಿಗಳು. ಬೌಲಿಂಗಿಗೆ ತಮಿಳಿನ 'ಕೋಬ್ರಾ' (2022) ಇರ್ಫಾನ್ ಪಠಾಣ್, 'ಫ್ರೆಂಡ್‌ಶಿಪ್' (2021) ಹರ್ಭಜನ್, 'ಅನ್‌ಇಂಡಿಯನ್' (2015) ಬ್ರೆಟ್ ಲೀ. ಕೊನೆಗೆ ಶ್ರೀಶಾಂತ್, 2019ರಲ್ಲಿ ನಮ್ಮ ಕನ್ನಡದ 'ಕೆಂಪೇಗೌಡ 2'ರಲ್ಲೇ ಬಣ್ಣ ಹಚ್ಚಿದವರು.

ಟೀಮ್ ಪರವಾಗಿಲ್ಲ. ಬಾಕ್ಸಾಫೀಸಿನ ಸ್ಕೋರು ಮಾತ್ರ ಕೇಳಬೇಡಿ!

* * *

ಗಿಡ್ಡರು ಮತ್ತು ಊರಿನ ಹೆಸರಿನವರು

ಗಿಡ್ಡರ ಟೀಮ್ ಎರಡೇ ನಿಮಿಷದ ಕೆಲಸ. ಬ್ರಾಡ್ಮನ್, ಹನೀಫ್ ಮೊಹಮ್ಮದ್, ಗವಾಸ್ಕರ್, ವಿಶ್ವನಾಥ್, ಕಾಳೀಚರಣ್, ತೆಂಡೂಲ್ಕರ್... ಆರು ಅಡಿ ದಾಟಿದವರ ಟೀಮಿಗೆ ಈ ಬ್ಯಾಟಿಂಗ್ ಸಿಗೋದು ಕನಸಿನ ಮಾತು. ಅದರಲ್ಲೂ ಗವಾಸ್ಕರ್ ತಂಗಿಯನ್ನೇ ನಮ್ಮ ವಿಶಿ ಮದುವೆಯಾಗಿರೋದರಿಂದ ಭಾವ-ಭಾವಮೈದುನರ ಸೆಂಟಿಮೆಂಟೂ ಸಿಕ್ಕಿತು. ಈ ಟೀಮಿನ ವಿಷಯದಲ್ಲಿ ಜಗಳವೇ ಇಲ್ಲ. ಜಗಳ ಇಲ್ಲದ ಮೇಲೆ ಮಜಾ ಎಲ್ಲಿ? ಮುಂದಕ್ಕೆ ಹೋಗೋಣ.

ಹೆಸರಿನಲ್ಲಿ ಊರು ಇಟ್ಟುಕೊಂಡವರ ಟೀಮಿದೆಯಲ್ಲ, ಅದರಲ್ಲಿ ರಸ ಹೆಚ್ಚು. ಒಂದು ತುದಿಯಿಂದ ಹಾಸನ ಜಿಲ್ಲೆಯ ಜಾವಗಲ್ಲು, ಇನ್ನೊಂದು ತುದಿಯಿಂದ ಕಾಸರಗೋಡಿನ ಕುಂಬಳೆ! ಜಾವಗಲ್ ಶ್ರೀನಾಥ್ 236 ಟೆಸ್ಟ್ ವಿಕೆಟ್, ಅನಿಲ್ ಕುಂಬ್ಳೆ 619. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಕುಂಬ್ಳೆ ಹತ್ತಕ್ಕೆ ಹತ್ತೂ ಕಿತ್ತರಲ್ಲ, ಒಂಬತ್ತು ಬಿದ್ದ ಮೇಲೆ ಶ್ರೀನಾಥ್ ಇನ್ನೊಂದು ತುದಿಯಿಂದ ಬೇಕಂತಲೇ ಸ್ಟಂಪಿನಿಂದ ದೂರ ದೂರ ಹಾಕಿದರು. ಗೆಳೆಯನ ವಿಕೆಟ್ ಗೆಳೆಯನಿಗೇ ಉಳಿಯಲಿ ಅಂತ. ಇದಕ್ಕಿಂತ ದೊಡ್ಡ ದೋಸ್ತಿಯನ್ನು ಯಾವ ಪಿಕ್ಚರಿನಲ್ಲಿ ನೋಡಿದ್ದೀರಿ?

ಆಗ ನಮ್ಮ ಗುಂಪಿನ ಒಬ್ಬ ಎದ್ದು ನಿಂತ. "ಅಣ್ಣಾ, ನಮ್ಮೋರೇ ಒಬ್ರು ಇಂಡಿಯಾ ಕ್ಯಾಪ್ಟನ್ ಆಗಿದ್ರಂತೆ. ವಿಜಯನಗರದ ಮಹಾರಾಜಕುಮಾರ! ನಮ್ಮ ಜಿಲ್ಲೆ ಅಲ್ವಾ?" ಅಂದ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ನಮ್ಮದು ವಿಜಯನಗರ ಜಿಲ್ಲೆ ಆದಾಗಿನಿಂದ ಹುಡುಗರಿಗೆ ಈ ಹೆಸರು ಎಲ್ಲಿ ಕಂಡರೂ ಎದೆ ಉಬ್ಬುತ್ತೆ. ಎದೆ ಇಳಿಸಿದ್ದಾಯಿತು. ಆ 'ವಿಜ್ಜಿ' ಆಂಧ್ರದ ವಿಜಯನಗರಂನವರು ಮಾರಾಯ, ಹಂಪಿಯವರಲ್ಲ. 1936ರಲ್ಲಿ ಇಂಗ್ಲೆಂಡಿಗೆ ಟೀಮ್ ಕರಕೊಂಡು ಹೋಗಿ, ಅಮೋಘವಾಗಿ ಆಡುತ್ತಿದ್ದ ಲಾಲಾ ಅಮರನಾಥ್ ಅವರನ್ನು ಮೊದಲ ಟೆಸ್ಟಿಗೆ ಮುಂಚೆಯೇ ಮನೆಗೆ ಕಳಿಸಿದ ಪುಣ್ಯಾತ್ಮ. ಸ್ವತಃ ಮೂರು ಟೆಸ್ಟಿನಲ್ಲಿ ಹೊಡೆದದ್ದು 33 ರನ್. ಅರಮನೆ ಇತ್ತು, ದುಡ್ಡಿತ್ತು, ಕ್ಯಾಪ್ಟನ್ ಆದರು. ಅಷ್ಟೇ ಅರ್ಹತೆ.

ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

* * *

ಊರ ಕಚೇರಿ ಇಲೆವೆನ್

ಇನ್ನು ನನ್ನ ಅಚ್ಚುಮೆಚ್ಚಿನ ಟೀಮಿಗೆ ಬನ್ನಿ. ಹಳೇ ಕಾಲದಲ್ಲಿ ಪ್ರತಿ ಊರಿನಲ್ಲೂ ವಂಶಪಾರಂಪರ್ಯದ ಹುದ್ದೆಗಳಿದ್ದವಲ್ಲ. ಯಜಮಾನಿಕೆಗೆ ಪಟೇಲ, ಲೆಕ್ಕಕ್ಕೆ ಕುಲಕರ್ಣಿ, ಸೀಮೆಗೆ ದೇಸಾಯಿ, ಪಂಚಾಂಗಕ್ಕೆ ಜೋಯಿಸರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ನಮ್ಮ ರಾಜ್ಯದಲ್ಲಿ ಹುದ್ದೆಗಳೆಲ್ಲಾ ಹೋದವು. ಆದರೆ ಅಡ್ಡಹೆಸರು ಹೋಗಲಿಲ್ಲ. ಆ ಹೆಸರಿನವರೇ ಸೇರಿ ಒಂದು ಟೀಮ್ ಕಟ್ಟಿದರೆ?

1. ಮಾಧವ ಮಂತ್ರಿ. ಗವಾಸ್ಕರ್‌ಗೆ ಸೋದರಮಾವ. ಆರಂಭಿಕ ಬ್ಯಾಟ್ಸ್‌ಮನ್, ವಿಕೆಟ್ ಕೀಪರ್ ಕೂಡಾ. ಮಂತ್ರಿಗಳಿಗೆ ಎರಡು ಖಾತೆ ಇರೋದು ಹೊಸದೇನಲ್ಲ.

2. ರವಿ ಶಾಸ್ತ್ರಿ. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಆಡಿ ಕಾರು ಗೆದ್ದವರು, ಅದೇ ವರ್ಷ ರಣಜಿಯಲ್ಲಿ ಬರೋಡಾದ ಮೇಲೆ ಒಂದೇ ಓವರಿನಲ್ಲಿ ಆರು ಸಿಕ್ಸರ್ ಚಚ್ಚಿದವರು. ಆಮೇಲೆ ಮೈಕ್ ಹಿಡಿದು ಶಾಸ್ತ್ರ ಹೇಳಿದ್ದಂತೂ ನಿಮಗೆ ಗೊತ್ತೇ ಇದೆ.

3. ವಿಜಯ್ ಹಜಾರೆ. ಸಾವಿರ ಜನರ ದಂಡಿಗೆ ಒಡೆಯ ಅನ್ನೋ ಅರ್ಥದ ಹೆಸರು. 1948ರಲ್ಲಿ ಅಡಿಲೇಡಿನಲ್ಲಿ ಬ್ರಾಡ್ಮನ್ ಟೀಮಿನ ಮೇಲೆ ಒಂದೇ ಟೆಸ್ಟಿನಲ್ಲಿ 116 ಮತ್ತು 145. ಭಾರತ ಮೊದಲ ಟೆಸ್ಟ್ ಗೆದ್ದದ್ದು 1952ರಲ್ಲಿ ಮದರಾಸಿನಲ್ಲಿ, ಕ್ಯಾಪ್ಟನ್ ಇವರೇ.

4. ದಿಲೀಪ್ ಸರದೇಸಾಯಿ. 1971ರ ವೆಸ್ಟ್ ಇಂಡೀಸ್ ಸರಣಿಯಲ್ಲಿ 642 ರನ್. ಗವಾಸ್ಕರ್ ಹೊಡೆದ 774ರ ಗದ್ದಲದಲ್ಲಿ ಜನ ಇವರನ್ನು ಮರೆತರು. ಮಲ್ಟಿಸ್ಟಾರ್ ಚಿತ್ರದ ಎರಡನೇ ಹೀರೋ ಪಾಡು!

5. ಬ್ರಿಜೇಶ್ ಪಟೇಲ್. ನಮ್ಮವರು. 1973-74ರಲ್ಲಿ ಮೊದಲ ಸಲ ರಣಜಿ ಟ್ರೋಫಿ ತಂದ ಪ್ರಸನ್ನ ಅವರ ಟೀಮಿನ ಹುಲಿ.

6. ಸಂದೀಪ್ ಪಾಟೀಲ್. ಡಬಲ್ ರೋಲ್, ಮೇಲಿನ ಟೀಮಿನಲ್ಲೂ ಇದ್ದರಲ್ಲ! 1982ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಾಬ್ ವಿಲ್ಲಿಸ್‌ನ ಒಂದೇ ಓವರಿಗೆ ಆರು ಬೌಂಡರಿ.

7. ಬಾಪು ನಾಡಕರ್ಣಿ. ಹೆಸರೇ ಹೇಳುತ್ತೆ, ನಾಡಿನ ಲೆಕ್ಕ ಬರೆಯೋರು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ 32 ಓವರ್, 27 ಮೇಡನ್, 5 ರನ್! ಅದರಲ್ಲಿ 21 ಓವರ್ ಸಾಲಾಗಿ ಮೇಡನ್. ಇಂಥ ಜಿಪುಣ ಕರಣಿಕ ಇದ್ದರೆ ಖಜಾನೆಯಿಂದ ಒಂದು ಬಿಡಿಗಾಸೂ ಆಚೆ ಹೋಗಲ್ಲ.

8. ಸುನಿಲ್ ಜೋಶಿ. ಗದಗಿನ ಹುಡುಗ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆವತ್ತಿನ ಎದುರಾಳಿಗಳ ಗ್ರಹಗತಿಯನ್ನು ಈ ಜೋಶಿಯವರೇ ಬರೆದರು.

9. ರಮಾಕಾಂತ್ ದೇಸಾಯಿ. ಸಣ್ಣಾಳು, ವೇಗದ ಬೌಲರ್. 28 ಟೆಸ್ಟ್, 74 ವಿಕೆಟ್. ಗಿಡ್ಡರ ಟೀಮಿನವರು ಸಾಲ ಕೇಳಿದ್ದಾರೆ, ಕೊಟ್ಟಿಲ್ಲ.

10. ನೀಲೇಶ್ ಕುಲಕರ್ಣಿ. 1997ರಲ್ಲಿ ಕೊಲಂಬೋದಲ್ಲಿ ಟೆಸ್ಟ್ ಜೀವನದ ಮೊದಲ ಎಸೆತಕ್ಕೇ ವಿಕೆಟ್! ಆಹಾ ಅನ್ನೋಷ್ಟರಲ್ಲಿ ಶ್ರೀಲಂಕಾ 952 ಹೊಡೆಯಿತು. ಇವರ ಪಾಲಿಗೆ 70 ಓವರ್, 195 ರನ್, ಅದೇ ಒಂದು ವಿಕೆಟ್. ಓಪನಿಂಗ್ ಸೂಪರ್, ಆಮೇಲೆ ಪಿಕ್ಚರ್ ಎಳೆದಾಟ.

ಹನ್ನೆರಡನೆಯವರಾಗಿ ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್. 2024ರ ಮಹಿಳೆಯರ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರಿಗೆ ಕಪ್ ತಂದಾಗ 12 ರನ್ನಿಗೆ 4 ವಿಕೆಟ್ ಕಿತ್ತಾಕೆ. ಪಾಟೀಲಕಿ ಗಂಡಸರಿಗೇ ಅಂತ ಯಾರು ಹೇಳಿದ್ದು?

ಒಂದು ತಮಾಷೆ ಗಮನಿಸಿದಿರಾ? ಶಾಸ್ತ್ರಿ, ನಾಡಕರ್ಣಿ, ಜೋಶಿ, ಕುಲಕರ್ಣಿ... ನಾಲ್ಕೂ ಜನ ಎಡಗೈ ಸ್ಪಿನ್ನರ್‌ಗಳು! ಕಚೇರಿ ಅಂದಮೇಲೆ ಎಡಗೈ ವ್ಯವಹಾರ ಇರಲೇಬೇಕೇನೋ. ನಾನು ಹೇಳಿದ್ದಲ್ಲಪ್ಪಾ, ಕಟ್ಟೆ ಮೇಲೆ ಕೂತವರು ಹೇಳಿದ್ದು.

* * *

ಹನ್ನೊಂದನೆಯವನು

ಲೆಕ್ಕ ಹಾಕಿ. ಹತ್ತಾಯಿತು. ಹನ್ನೊಂದನೆಯ ಜಾಗ ಖಾಲಿ. ಒಬ್ಬ ಇನ್ನೊಬ್ಬ ಪಟೇಲ್ ಅಂದ, ಇನ್ನೊಬ್ಬ ಇನ್ನೊಬ್ಬ ಕುಲಕರ್ಣಿ ಅಂದ. ಕೂಗಾಟ ಜೋರಾಯಿತು.

ನಮ್ಮ ಗುಂಪಿನಲ್ಲಿ ಪಂಕ್ಚರ್ ಅಂಗಡಿಯ ಹುಡುಗ ಒಬ್ಬನಿದ್ದಾನೆ. ಮಾತು ಕಮ್ಮಿ. ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿದು ನೆಲ ಕಾಣಿಸಿಕೊಂಡ ಕೂಡಲೇ ಅಲ್ಲಿ ನಮ್ಮ ನಿಜವಾದ ಕ್ರಿಕೆಟ್ ಶುರುವಾಗುತ್ತೆ. ಬಿರುಕು ಬಿಟ್ಟ ಎರೆ ನೆಲಕ್ಕೆ ಬೆಳಗಿನ ಜಾವ ನೀರು ಹೊತ್ತು ಹಾಕಿ, ಹೆಂಟೆ ಒಡೆದು, ತುಳಿದು, ಬಡಿದು ಪಿಚ್ ಮಾಡೋನು ಅವನು. ನಾವು ಚಹಾ ಕುಡಿದು ಎಂಟು ಗಂಟೆಗೆ ಹೋಗಿ ಟಾಸ್ ಹಾಕ್ತೀವಿ. ಅವನಿಗೆ ಬ್ಯಾಟಿಂಗ್ ಬರೋದು ಕೊನೆಗೆ. ಹೊತ್ತು ಏರಿ ಆಟ ಮುಗಿದರೆ ಅದೂ ಇಲ್ಲ.

ಆವತ್ತು ಅವನು ಟೈರ್ ಟ್ಯೂಬು ನೀರಿನಲ್ಲಿ ಅದ್ದುತ್ತಾ, ತಲೆ ಎತ್ತದೆ ಕೇಳಿದ: "ಅಣ್ಣಾ, ಪಟೇಲ್ರು, ದೇಸಾಯರು, ಕುಲಕರ್ಣಿಯೋರು ಎಲ್ಲಾ ಬಂದ್ರು. ಎಲ್ರೂ ಆಡ್ತಾರೆ. ಮತ್ತೆ ಪಿಚ್ ಯಾರು ಮಾಡ್ತಾರೆ?"

ಕಟ್ಟೆ ಗಪ್‌ಚಿಪ್. ಬಸ್ಸು ಬಂತು, ಯಾರೂ ಏಳಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲೇ ಇದೆ ಮಿತ್ರರೇ. ಅದರ ಹೆಸರು ಪಾಲವಣಕರ್ ಬಾಲೂ.

ನಮ್ಮ ಧಾರವಾಡದಲ್ಲಿ 1870ರ ದಶಕದಲ್ಲಿ ಹುಟ್ಟಿದವರು. ಚಮ್ಮಾರ ಕುಲ, ತಂದೆಗೆ ಸೈನ್ಯದಲ್ಲಿ ಕೆಲಸ. ಹುಡುಗನಾಗಿದ್ದಾಗ ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸೋ ಕೆಲಸ, ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಯೂರೋಪಿಯನ್ನರ ಪೂನಾ ಕ್ಲಬ್. ಸಂಬಳ ನಾಲ್ಕು ರೂಪಾಯಿ. ರೋಲರ್ ಎಳೆಯೋದು, ನೆಟ್ ಕಟ್ಟೋದು. ಹಾಗೇ ನೆಟ್ಸ್‌ನಲ್ಲಿ ದೊರೆಗಳಿಗೆ ಬೌಲಿಂಗ್ ಹಾಕು ಅಂದರು. ಗ್ರೇಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಹಾಕಿದರು. ಎಡಗೈ ಸ್ಪಿನ್, ಬುಗುರಿ ತಿರುಗಿದ ಹಾಗೆ! ವರ್ಷಗಟ್ಟಲೆ ಬೌಲ್ ಮಾಡಿದರೂ ಅಲ್ಲಿ ಒಂದೇ ಒಂದು ಸಲ ಬ್ಯಾಟ್ ಹಿಡಿಯೋಕೆ ಬಿಡಲಿಲ್ಲ. ಬ್ಯಾಟಿಂಗ್ ದೊರೆಗಳದ್ದು, ಬೆವರು ಇವರದು.

ಬೆಳೆದು ಹಿಂದೂಗಳ ಟೀಮಿಗೆ ಸೇರಿದರು. ವಿಕೆಟ್ ಬೇಕಾದಾಗ ಬಾಲೂ ಬೇಕು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಟೀ ಹೊತ್ತಿಗೆ ಮಾತ್ರ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ ಮಣ್ಣಿನ ಕುಡಿಕೆ. ಕುಡಿದು ಬಿಸಾಡಬೇಕು. ಊಟದ ತಟ್ಟೆ ಬೇರೆ, ಕೂರೋ ಜಾಗ ಬೇರೆ.

1906ರಲ್ಲಿ ಮುಂಬಯಿಯಲ್ಲಿ ಹಿಂದೂ ಟೀಮು ಬಿಳಿಯರನ್ನು 109 ರನ್ನುಗಳಿಂದ ಬಡಿಯಿತು. ಆ ಗೆಲುವಿನಲ್ಲಿ ಬಾಲೂ ಕೈ ದೊಡ್ಡದು. 1911ರಲ್ಲಿ ಪಟಿಯಾಲಾ ಮಹಾರಾಜರ ಟೀಮಿನ ಜೊತೆ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತರು. ಟೀಮು ಸೋತದ್ದೇ ಹೆಚ್ಚು, ಬಾಲೂ ಮಾತ್ರ ಸೋಲಲಿಲ್ಲ. ಭಾರತದ ಮೊದಲ ಮಹಾನ್ ಸ್ಪಿನ್ನರ್ ಅಂದರೆ ಇವರೇ. ಬೇಡಿಗೂ ಮುಂಚೆ, ಮಂಕಡ್‌ಗೂ ಮುಂಚೆ.

ಇಷ್ಟಾದರೂ ಕ್ಯಾಪ್ಟನ್ ಪಟ್ಟ? ಕೊನೇವರೆಗೂ ಕೊಡಲಿಲ್ಲ. ಬಾಲೂಗೆ ಮೂವರು ತಮ್ಮಂದಿರು, ಶಿವರಾಮ್, ಗಣಪತ್, ವಿಠ್ಠಲ್. ಎಲ್ಲರೂ ಆಟಗಾರರೇ. ಕಡೆಗೆ ವಿಠ್ಠಲ್ 1923ರಲ್ಲಿ ಹಿಂದೂ ಟೀಮಿನ ಕ್ಯಾಪ್ಟನ್ ಆದರು. ಅಣ್ಣ ರೋಲರ್ ಎಳೆದು ಹದ ಮಾಡಿದ ದಾರಿಯಲ್ಲಿ ತಮ್ಮ ನಡೆದರು. ಬಾಲೂ ತೀರಿಕೊಂಡದ್ದು 1955ರಲ್ಲಿ.

2001ರ 'ಲಗಾನ್' ನೋಡಿದ್ದೀರಲ್ಲ? ಊರವರು ಮುಟ್ಟಿಸಿಕೊಳ್ಳದ ಕಚ್ರಾ, ಅವನ ಕೈಯಿಂದ ಬುಗುರಿಯಂತೆ ತಿರುಗೋ ಚೆಂಡು. ಥಿಯೇಟರಿನಲ್ಲಿ ಶಿಳ್ಳೆ ಹೊಡೆದಿರಿ. ಅದು ಕಥೆ. ಬಾಲೂದು ನಿಜ. ಗಾಂಧಿನಗರದ ನಿರ್ಮಾಪಕರೇ, ನಮ್ಮ ಧಾರವಾಡದಲ್ಲಿ ಹುಟ್ಟಿದ ಹೀರೋ! ರೋಲರ್ ಎಳೀತಾ ಎಂಟ್ರಿ, ಮಣ್ಣಿನ ಕುಡಿಕೆ ಹತ್ರ ಇಂಟರ್ವಲ್, ತಮ್ಮನ ತಲೆಗೆ ಕ್ಯಾಪ್ಟನ್ ಕ್ಯಾಪು ಬರೋವಾಗ ಕ್ಲೈಮ್ಯಾಕ್ಸ್. ಫೈಟು, ಐಟಂ ಸಾಂಗು ಏನೂ ಬೇಡ.

* * *

ಈ ಕಥೆ ಹೇಳಿ ಮುಗಿಸೋಷ್ಟರಲ್ಲಿ ತಕರಾರು ಎದ್ದಿತು. "ಬಾಲೂ ಹೆಸರಿನಲ್ಲಿ ಹುದ್ದೆ ಎಲ್ಲೈತೆ? ಪಾಲವಣ ಅನ್ನೋದು ಊರು. ಅವರನ್ನ ಊರ ಹೆಸರಿನ ಟೀಮಿಗೆ ಹಾಕ್ರಿ. ಅಲ್ದೆ ಎಡಗೈ ಸ್ಪಿನ್ನರ್ ಆಗ್ಲೇ ನಾಲ್ಕು ಜನ ಅದಾರ, ಐದನೇದು ಯಾಕೆ?" ಅಂದ ನಮ್ಮ ಕಾನೂನು ಪಂಡಿತ. ಮಾತು ನ್ಯಾಯವಾದದ್ದೇ.

ಆದರೆ ನಾನು ಹೇಳಿದೆ: ಲೇ ತಮ್ಮಾ, ಊರ ಹೆಸರಿನ ಟೀಮಿನಲ್ಲಿ ವಿಜ್ಜಿ ಇದ್ದಾರಲ್ಲ. ಅರಮನೆ ಇದ್ದದ್ದಕ್ಕೆ 33 ರನ್ನಿನವರು ಇಂಡಿಯಾ ಕ್ಯಾಪ್ಟನ್. ಅರಮನೆ ಇಲ್ಲದ್ದಕ್ಕೆ 114 ವಿಕೆಟ್ಟಿನವರು ಕುಡಿಕೆ ಹಿಡಿದು ಹೊರಗೆ. ಅಲ್ಲಿಗೆ ಹಾಕಿದರೆ ಮತ್ತೆ ವಿಜ್ಜಿ ಕೈಕೆಳಗೇ ಆಡಬೇಕು. ಇನ್ನು ಹುದ್ದೆಯ ಮಾತು. ನೆಲ ಗುಡಿಸೋದು, ನೀರು ಹಾಕೋದು, ರೋಲರ್ ಎಳೆಯೋದು ಹುದ್ದೆಯಲ್ಲವಾ? ಅದಿಲ್ಲದೆ ಪಟೇಲ್ರು ಎಲ್ಲಿ ನಿಂತು ಬ್ಯಾಟ್ ಬೀಸ್ತಾರೆ? ಆ ಹುದ್ದೆಗೆ ಅಡ್ಡಹೆಸರಿನ ಗೌರವ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ. ಮತ್ತೆ ಐದನೇ ಎಡಗೈ ಅಂತೀಯಲ್ಲ, ಬಾಲೂ ಐದನೆಯವರಲ್ಲ. ಒಂದನೆಯವರು. ಉಳಿದ ನಾಲ್ವರು ಅವರ ಹಿಂದೆ ಬಂದವರು.

ಓಟು ಹಾಕಿದೆವು. ಕಾನೂನು ಪಂಡಿತನೂ ಕೈ ಎತ್ತಿದ.

ಹಾಗಾಗಿ ಊರ ಕಚೇರಿ ಇಲೆವೆನ್‌ಗೆ ಹನ್ನೊಂದನೆಯ ಆಟಗಾರ ಹಾಗೂ ಕ್ಯಾಪ್ಟನ್: ಪಾಲವಣಕರ್ ಬಾಲೂ. ವೈಸ್ ಕ್ಯಾಪ್ಟನ್: ವಿಜಯ್ ಹಜಾರೆ. ಟಾಸ್‌ಗೆ ಹೋಗೋದು ಬಾಲೂ. ಯಾವ ತುದಿಯಿಂದ ಯಾರು ಬೌಲಿಂಗ್ ಅನ್ನೋದು ಅವರ ಮರ್ಜಿ. ಟೀ ಹೊತ್ತಿಗೆ ಮಂತ್ರಿ, ಶಾಸ್ತ್ರಿ, ದೇಸಾಯಿ, ಜೋಶಿ, ಪಟೇಲ್ ಎಲ್ಲರೂ ಒಂದೇ ಟೇಬಲ್, ಒಂದೇ ಥರದ ಕಪ್ಪು, ಮೊದಲ ಕಪ್ಪು ಕ್ಯಾಪ್ಟನ್‌ಗೆ. ಕಲ್ಪನೆಯ ಟೀಮಿನಿಂದ ಏನು ಉಪಯೋಗ ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟೇ. ನಿಜವಾದ ಸೆಲೆಕ್ಟರುಗಳು ಕೊಡದೇ ಹೋದದ್ದನ್ನು ನೂರು ವರ್ಷ ತಡವಾಗಿಯಾದರೂ ಕೊಡಬಹುದು. ಖರ್ಚು ಒಂದು ಪೈಸೆ ಇಲ್ಲ.

ಅಂದ ಹಾಗೆ, ಹಿನ್ನೀರಿನ ಮೈದಾನಕ್ಕೂ ಒಂದು ಹೊಸ ಕಾನೂನು ಪಾಸಾಗಿದೆ: ಪಿಚ್ ಮಾಡಿದವನಿಗೇ ಹೊಸ ಬಾಲು. ಬ್ಯಾಟಿಂಗೂ ಮೊದಲ ಮೂರರೊಳಗೆ. ಕಳೆದ ಭಾನುವಾರ ಪಂಕ್ಚರ್ ಅಂಗಡಿ ಹುಡುಗ ಮೊದಲ ಓವರಿನಲ್ಲೇ ಕಾನೂನು ಪಂಡಿತನ ಮಿಡ್ಲ್ ಸ್ಟಂಪ್ ಎಗರಿಸಿದ. ಪಂಡಿತ "ಪಿಚ್ ಸರಿ ಇಲ್ಲ" ಅಂತ ಗೊಣಗಿದ. ಹುಡುಗ ಹೇಳಿದ, "ಪಿಚ್ ನಾನೇ ಮಾಡಿದ್ದಣ್ಣಾ, ಸರಿ ಐತೆ."

ಈಗ ನಿಮ್ಮ ಸರದಿ. ನಿಮ್ಮದೊಂದು ತಿಕ್ಕಲು ನಿಯಮ ಹಾಕಿ ಹನ್ನೊಂದು ಹೆಸರು ಬರೆದು ಕಳಿಸಿ. ಮೀಸೆಯವರ ಟೀಮ್ ಆಗಲಿ, ಕನ್ನಡಕದವರ ಟೀಮ್ ಆಗಲಿ, ಅಳಿಯಂದಿರ ಟೀಮ್ ಆಗಲಿ. ಕಳಿಸೋ ಮುಂಚೆ ಒಂದು ಸಲ ಪಟ್ಟಿ ನೋಡಿ, ಪಂಕ್ಚರ್ ಅಂಗಡಿ ಹುಡುಗನ ಪ್ರಶ್ನೆ ಕೇಳಿಕೊಳ್ಳಿ. ಬಸ್ಸು ಹಾರನ್ ಹೊಡೀತಿದೆ, ಬರ್ತೀನಿ!